ಇವರಲ್ಲಿ ಹೆಚ್ಚಿನವನಾರು?

ಒಂದನ್ನು ಇನ್ನೊಂದರ ಮಗ್ಗುಲಿಗಿಟ್ಟು ಯಾವದು ಹೆಚ್ಚು, ಯಾವದು ಕಡಿಮೆ ಎಂದು ಕೇಳುವದು ಮನುಷ್ಯನ ಬಲು ಹಳೆಯ ಚಟವು. ನಮ್ಮ ಕುಕನೂರಿಗೆ ಸಮೀಪವಾದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಗುಡಿಯೊಂದನ್ನು ಕಟ್ಟಿಸಿದಾಗ, ಅಲ್ಲಿಯ ಶಾಸನವನ್ನು ರಚಿಸಿದವನು ಅದು ಚೆಲುವಾದ ಗುಡಿಯೆಂದು ಹೇಳಿ ಸುಮ್ಮನಾಗಲಿಲ್ಲ. ದೇವಾಲಯಗಳ ಚಕ್ರವರ್ತಿಯೆಂದೇ ಅದನ್ನು ಕರೆದನು. ಒಂದು ಗುಡಿಯನ್ನು ಚಕ್ರವರ್ತಿಯೆಂದ ಬಳಿಕ ಮಿಕ್ಕವೆಲ್ಲ ಸಾಮಂತರಾಗಲೇಬೇಕಷ್ಟೆ! ಲಕ್ಕುಂಡಿಯವರು ಆ ಮಾತನ್ನು ಒಪ್ಪಿರಲಾರರು. ಅಂದಿನಿಂದ ಇಂದಿನವರೆಗೆ ನಮ್ಮ ಸೀಮೆಯ ಕಟ್ಟೆಗಳ ಮೇಲೆ ಈ ಬಗೆಯ ವಾದವು ನಿಂತುದೇ ಇಲ್ಲ. ಎತ್ತುಗಳ ಬಗ್ಗೆ, ಪೈಲವಾನರ ಬಗ್ಗೆ, ಹಾಡುಗಾರರ ಬಗ್ಗೆ, ಕೊನೆಗೆ ಯಾವ ಊರಿನ ಮಿರ್ಚಿಭಜಿ ರುಚಿಯೆಂಬದರ ಬಗ್ಗೆ ಸಹ ಜನರು ಎರಡು ಪಕ್ಷವಾಗಿ ನಿಂತು ಕಾದಾಡುವದನ್ನು ನಾನು ಕಂಡಿರುವೆನು.

ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಇಂಥದೇ ಒಂದು ಕಾದಾಟವು ಪ್ರತಿ ಜುಲೈ ತಿಂಗಳಲ್ಲಿಯೂ ನಡೆದಿರುವದು. ಅದರ ವಿಷಯವು ಮಾತ್ರ ಬಹು ದೂರದ್ದು. ಫ್ರಾನ್ಸ್ ದೇಶದಲ್ಲಿ ನಡೆಯುವ ಸೈಕಲ್ಲಿನ ಮಹಾಪಂದ್ಯವಾದ ಟೂರ್ ದ ಫ್ರಾನ್ಸಿನ ವೀರರಲ್ಲಿ ಎಲ್ಲರಿಗಿಂತ ಹೆಚ್ಚಿನವನಾರು ಎಂಬದೇ ಆ ವಿಷಯವು.

ಈ ಪಂದ್ಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತುಗಳನ್ನು ಹೇಳುವೆನು. 1903ರಲ್ಲಿ ಪ್ಯಾರಿಸ್ಸಿನ ‘ಲೋತೊ’ ಎಂಬ ಕ್ರೀಡಾಪತ್ರಿಕೆಯವರು ತಮ್ಮ ಪತ್ರಿಕೆಯ ಮಾರಾಟವು ಹೆಚ್ಚಲೆಂದು ಇದನ್ನು ಆರಂಭಿಸಿದರು. ಆ ವರ್ಷ 60 ಜನರು ಹೊರಟು 21 ಜನರು ಮಾತ್ರ ಕೊನೆ ಮುಟ್ಟಿದರು. ಒಟ್ಟು 2,428 ಕಿಲೋಮೀಟರ್ ದಾರಿ. ಅದು ಆರೇ ಕಂತುಗಳಲ್ಲಿ! ರಾತ್ರಿಯಲ್ಲಿಯೂ ತುಳಿಯುತ್ತಿದ್ದರು. ಮೋರಿಸ್ ಗಾರೆಂ ಎಂಬವನು, ಚಿಕ್ಕಂದಿನಲ್ಲಿ ಮನೆಗಳ ಹೊಗೆಗೂಡು ಗುಡಿಸುತ್ತಿದ್ದವನು, ಎರಡನೆಯವನಿಗಿಂತ ಹೆಚ್ಚುಕಡಿಮೆ ಮೂರು ತಾಸು ಮೊದಲೇ ಬಂದು ಗೆದ್ದನು. ಈಗ 21 ದಿನಗಳ ಪಂದ್ಯವದು; ನಡುವೆ ಎರಡು ದಿನ ವಿಶ್ರಾಂತಿ. ಎಲ್ಲ ದಿನಗಳ ಹೊತ್ತನ್ನು ಕೂಡಿಸಿ ಯಾರದು ಎಲ್ಲಕ್ಕೂ ಕಡಿಮೆಯೋ ಅವನು ಹಳದಿಯ ಅಂಗಿ ತೊಡುವನು. ‘ಲೋತೊ’ ಪತ್ರಿಕೆಯನ್ನು ಹಳದಿ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದುದರಿಂದ ಆ ಅಂಗಿಗೂ ಆ ಬಣ್ಣವು ಬಂದಿತಂತೆ. ನಮ್ಮಲ್ಲಿ ಸಂಜೆಯ ಚಹದ ಹೊತ್ತಿಗೆ ಕಾವೇರುವ ದಿನದ ಓಟವು ರಾತ್ರಿಯ ಊಟದ ಹೊತ್ತಿಗೆ ಮುಗಿಯುವದು. ಆದುದರಿಂದ ಅದು ಕುಟುಂಬಸ್ಥರಿಗೆ ಹೇಳಿ ಮಾಡಿಸಿದಂಥ ಆಟವಾಗಿರುವದು.

ಇನ್ನು ವಾದಿಗಳು. ನನ್ನ ಅಕ್ಕನ ಗಂಡಂದಿರು ಕುಷ್ಟಗಿಯವರು. ತರುಣರಾಗಿದ್ದಾಗ ಒಂದು ಸೈಕಲ್ ಅಂಗಡಿಯಲ್ಲಿ ಸಂಜೆಯೆಲ್ಲ ಕುಳಿತು ಚೈನು ಕೂಡಿಸುವದು, ಗಾಲಿಯ ಸೊಟ್ಟು ತೆಗೆಯುವದು ಮುಂತಾದುದನ್ನು ಕೇವಲ ಆಸೆಗಾಗಿ ಕಲಿತವರು. ಆ ಕಾಲದಲ್ಲಿಯೇ ಒಂದು ಇಂಗ್ಲಿಷ್ ಕ್ರೀಡಾಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಬೆಲ್ಜಿಯಂ ದೇಶದ ಎಡ್ಡಿ ಮೆರ್ಕ್ಸನ ಚಿತ್ರವನ್ನು ಕಂಡು, ಅದನ್ನು ಕತ್ತರಿಸಿ, ಇಂದಿನ ವರೆಗೂ ಇಟ್ಟುಕೊಂಡಿರುವರು. ಅವರ ಮಗನು, ಎಂದರೆ ನನ್ನ ಅಳಿಯನು, ಗಂಗಾವತಿಯಲ್ಲಿ ಅಕ್ಕಿಯ ವ್ಯಾಪಾರ ಮಾಡುವನು. ಅವನ ದೇವರು ಸ್ಲೊವೇನಿಯ ದೇಶದ ತಾದೇಯ್ ಪೊಗಾಚಾರನು. ಯಲಬುರ್ಗಿಯಲ್ಲಿ ಒಕ್ಕಲುತನ ಮಾಡುವ ನನ್ನ ತಮ್ಮನಿಗೆ ಇವರಿಬ್ಬರೂ ಸೇರರು. ಡೆನ್ಮಾರ್ಕಿನ ಯೊನಾಸ್ ವಿಂಗೆಗೋರನು ಸೈಕಲ್ಲಿಗೆ ಬರುವ ಮೊದಲು ಮೀನಿನ ಕಾರಖಾನೆಯಲ್ಲಿ ಕೂಲಿ ಮಾಡುತ್ತಿದ್ದನೆಂದು ಕೇಳಿದಂದಿನಿಂದ, ಮೀನನ್ನು ಮುಟ್ಟದ ಮನೆತನದವನಾದರೂ, ಅವನು ಆತನ ಪಕ್ಷವನ್ನೇ ಹಿಡಿದಿರುವನು. ನಾನು ಕೊಪ್ಪಳದವನು, ಮನೆಯ ಯಜಮಾನನು. ನ್ಯಾಯಾಧೀಶನ ಕುರ್ಚಿಯು ನನಗೆ ಬಂದಿರುವದು.

ಭಾವಂದಿರ ಶಸ್ತ್ರವೆಂದರೆ ಅಂಕಿಗಳು. ಮೆರ್ಕ್ಸನು 1969ರಿಂದ 1972ರ ವರೆಗೆ ನಾಲ್ಕು ಸಲ, ಮತ್ತೆ 1974ರಲ್ಲಿ, ಹೀಗೆ ಐದು ಸಲ ಫ್ರಾನ್ಸಿನ ಪಂದ್ಯವನ್ನು ಗೆದ್ದನು. ಇಟಲಿಯ ಇಂಥದೇ ಪಂದ್ಯವನ್ನು ಐದು ಸಲ, ಸ್ಪೇನಿನದನ್ನು ಒಂದು ಸಲ ಗೆದ್ದನು. ಫ್ರಾನ್ಸಿನಲ್ಲಿ ದಿನದ ಓಟಗಳನ್ನು 34 ಸಲ ಗೆದ್ದನು. 1972ರಲ್ಲಿ ಮೆಕ್ಸಿಕೋದಲ್ಲಿ ಒಂದು ತಾಸಿನಲ್ಲಿ 49 ಕಿಲೋಮೀಟರಿಗೂ ಮಿಕ್ಕಿ ಸಾಗಿ ದಾಖಲೆ ಮಾಡಿದನು. 1969ರಲ್ಲಂತೂ ಹಳದಿಯ ಅಂಗಿ, ವೇಗದವನಿಗೆ ಸಲ್ಲುವ ಹಸಿರು ಅಂಗಿ, ಬೆಟ್ಟವೇರುವವನಿಗೆ ಸಲ್ಲುವ ಪ್ರಶಸ್ತಿ, ಈ ಮೂರನ್ನೂ ಒಬ್ಬನೇ ಕಸಿದುಕೊಂಡನು. ಅದೇ ವರ್ಷ ಪಿರನೀಸ್ ಬೆಟ್ಟಗಳಲ್ಲಿ ತಾನು ಬಹು ಮುಂದಿರುವೆನೆಂದು ಗೊತ್ತಿದ್ದೂ, ಎಲ್ಲರನ್ನೂ ಬಿಟ್ಟು ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಒಬ್ಬನೇ ತುಳಿದನು. ಏಕೆ? ಇದಕ್ಕೆ ಭಾವಂದಿರ ಉತ್ತರವಿಷ್ಟೆ: “ಹಸಿವಿ ಇತ್ತು. ಹಸಿವಿಗೆ ಕಾರಣ ಕೇಳತಾರೇನು?” ಅವನ ಕಾಲದವರು ಅವನಿಗೆ ನರಭಕ್ಷಕನೆಂದು ಅಡ್ಡ ಹೆಸರಿಟ್ಟುದು ಸುಮ್ಮನೆ ಅಲ್ಲ.

ಅಳಿಯನು ಇದನ್ನೆಲ್ಲ ಅಲ್ಲಗಳೆಯುವದಿಲ್ಲ. “ಅಪ್ಪಾ, ನಿಮ್ಮ ಮೆರ್ಕ್ಸ್ ದೊಡ್ಡಂವ ಖರೆ. ಆದ್ರ ಆಗ ಅವನ ಎದುರಿಗೆ ಇದ್ದವ್ರು ಎಷ್ಟು ಮಂದಿ? ಯೂರೋಪಿನ ನಾಕೈದು ದೇಶದವ್ರು” ಎಂದು ಅವನು ಆರಂಭಿಸುವನು. ಈಗ ಕೊಲಂಬಿಯ, ಅಮೆರಿಕ, ಆಸ್ಟ್ರೇಲಿಯ, ಆಫ್ರಿಕದ ಎರಿಟ್ರಿಯ ಮುಂತಾಗಿ ಎಲ್ಲೆಡೆಯಿಂದಲೂ ಸವಾರರು ಬರುವರು. ಪ್ರತಿಯೊಬ್ಬನ ಅನ್ನವನ್ನು ತೂಗಿ ಕೊಡುವರು, ನಿದ್ದೆಯನ್ನು ಅಳೆಯುವರು. ಇಂಥ ಕಾಲದಲ್ಲಿ ಪೊಗಾಚಾರನು 22 ತುಂಬುವದಕ್ಕೆ ಒಂದು ದಿನ ಮೊದಲು, 2020ರಲ್ಲಿ, ಮೊದಲನೆಯ ಸಲ ಗೆದ್ದು, 2021, 2024, 2025ರಲ್ಲಿ ಮತ್ತೆ ಗೆದ್ದನು. 2024ರಲ್ಲಿ ಇಟಲಿಯ ಪಂದ್ಯ, ಫ್ರಾನ್ಸಿನ ಪಂದ್ಯ, ವಿಶ್ವ ಚಾಂಪಿಯನ್ ಪದವಿ, ಮೂರನ್ನೂ ಒಂದೇ ವರ್ಷದಲ್ಲಿ ಪಡೆದನು. ಆ ವರೆಗೆ ಅದನ್ನು ಮಾಡಿದ್ದವರು 1974ರಲ್ಲಿ ಮೆರ್ಕ್ಸ್, 1987ರಲ್ಲಿ ಐರ್ಲೆಂಡಿನ ಸ್ಟೀಫನ್ ರೋಚ್, ಇಬ್ಬರೇ. ಇಷ್ಟಾದ ಮೇಲೆ ತಂದೆ ಮಕ್ಕಳ ಧ್ವನಿಯು ಏರುವದು. ಅಕ್ಕನು ಗಿರಮಿಟ್ಟಿನ ತಟ್ಟೆಗಳನ್ನು ನಡುವೆ ಇಟ್ಟು ಸಂಧಿ ಮಾಡುವಳು.

ನ್ಯಾಯಾಧೀಶನಾದ ನನಗೆ ಇಲ್ಲಿ ತೊಡಕು ಬರುವದು. ನಮ್ಮ ಜಿಲ್ಲೆಯನ್ನೇ ನೋಡಿರಿ. ಗಂಗಾವತಿಯ ಗದ್ದೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬರುವದು; ಎರಡು ಬೆಳೆ ಭತ್ತವನ್ನು ತೆಗೆಯಬಹುದು. ಯಲಬುರ್ಗಿಯ ಎರಿಯ ಹೊಲದಲ್ಲಿ ಹಿಂಗಾರಿ ಜೋಳವು ಮುಗಿಲ ಕಡೆಗೆ ನೋಡುತ್ತ ನಿಂತಿರುವದು. ಕುಷ್ಟಗಿಯ ಮಸಾರಿಯಲ್ಲಿ ಸಜ್ಜೆಯೇ ಗತಿ. ಚೀಲಗಳನ್ನು ಎಣಿಸಿ ಯಾವ ಒಕ್ಕಲಿಗನು ಜಾಣನೆಂದು ತೀರ್ಪು ಕೊಟ್ಟರೆ ನನ್ನ ತಮ್ಮನು ನನ್ನನ್ನು ಬಿಟ್ಟಾನೆಯೇ? ಹಾಗೆಯೇ ಕಾಲಗಳಲ್ಲಿಯೂ ತರಿ ಖುಷ್ಕಿಗಳ ಭೇದವುಂಟು. 1903ರಲ್ಲಿ ಗೆದ್ದವನ ಸರಾಸರಿ ವೇಗವು ತಾಸಿಗೆ 26 ಕಿಲೋಮೀಟರನ್ನೂ ಮುಟ್ಟಲಿಲ್ಲ. ಈಚಿನ ವರ್ಷಗಳಲ್ಲಿ ಅದು 42ನ್ನು ದಾಟಿರುವದು. ಮನುಷ್ಯನ ತೊಡೆಗಳು ಅಷ್ಟರಲ್ಲಿ ಇಮ್ಮಡಿಯಾದುವೇ? ಇಲ್ಲ. ಆಗಿನ ದಾರಿಗಳು ನಮ್ಮ ಹೊಲದ ಬಂಡಿಜಾಡುಗಳಂತೆ ಇದ್ದುವು. ಹಲ್ಲಿನ ಗಾಲಿಗಳ ಮೇಲೆ ಚೈನನ್ನು ಜಿಗಿಸುವ ಗೇರಿನ ಯಂತ್ರವನ್ನು ಆ ಪಂದ್ಯದಲ್ಲಿ ಒಪ್ಪಿಕೊಂಡದ್ದು 1937ರಲ್ಲಿ. ಅದಕ್ಕೂ ಮೊದಲು ಬೆಟ್ಟದ ಬುಡಕ್ಕೆ ಬಂದ ಸವಾರನು ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ಅದನ್ನು ಹೊರಳಿಸಿ ಹಾಕಿ, ಮತ್ತೆ ಏರಬೇಕಾಗಿತ್ತು. ಈಗಿನ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಾಗಿರಬಾರದೆಂದು ನಿಯಮವನ್ನೇ ಮಾಡಬೇಕಾಗಿ ಬಂದಿರುವದು. ಇಲ್ಲವಾದರೆ ಅದನ್ನು ಗಾಳಿಪಟದಷ್ಟು ಹಗುರು ಮಾಡಿಯಾರು!

ಹಿಂದಿನವರ ಕಷ್ಟವನ್ನು ನೆನೆವಾಗಲೆಲ್ಲ ನನಗೆ ಯೂಜೆನ್ ಕ್ರಿಸ್ತೋಫ್ ಎಂಬವನ ಕಥೆಯು ಕಣ್ಣಿಗೆ ಕಟ್ಟುವದು. 1913ರಲ್ಲಿ ತೂರ್ಮಲೆ ಎಂಬ ಬೆಟ್ಟವನ್ನಿಳಿಯುವಾಗ ಅವನ ಸೈಕಲ್ಲಿನ ಮುಂದಿನ ಕವೆಯು ಮುರಿಯಿತು. ಸವಾರನು ತನ್ನ ಸೈಕಲ್ಲನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕು, ಯಾರ ನೆರವನ್ನೂ ಪಡೆಯಬಾರದು ಎಂಬದು ಆಗಿನ ಕಟ್ಟಳೆ. ಅವನು ಸೈಕಲ್ಲನ್ನು ಹೆಗಲ ಮೇಲಿಟ್ಟುಕೊಂಡು, ಬಿಕ್ಕುತ್ತ, ಹತ್ತು ಕಿಲೋಮೀಟರಿಗೂ ಮಿಕ್ಕಿ ನಡೆದು ಒಂದು ಹಳ್ಳಿಯ ಕುಲುಮೆಗೆ ಬಂದನು. ಕಮ್ಮಾರನು ಪಕ್ಕದಲ್ಲಿ ಕೈಕಟ್ಟಿ ನಿಲ್ಲಲು, ತಾನೇ ಕಬ್ಬಿಣವನ್ನು ಕಾಸಿ ಬಡಿದು ಬೆಸೆದನು. ಪಂದ್ಯದ ಅಧಿಕಾರಿಗಳು ಬಾಗಿಲಲ್ಲಿ ಕಾವಲು ನಿಂತಿದ್ದರು. ಎರಡೂ ಕೈಗಳು ಕೆಲಸದಲ್ಲಿ ಸಿಕ್ಕಿದ್ದುದರಿಂದ ಒಬ್ಬ ಹುಡುಗನು ತಿದಿಯನ್ನು ಒತ್ತಿ ಗಾಳಿ ಹಾಕಿದನು. ಅಷ್ಟಕ್ಕೇ ಅವನಿಗೆ ದಂಡವನ್ನು ಹಾಕಿದರು! ಈ ಮನುಷ್ಯನು 1919ರಲ್ಲಿ ಹಳದಿಯ ಅಂಗಿಯನ್ನು ಎಲ್ಲರಿಗಿಂತ ಮೊದಲು ತೊಟ್ಟವನು. ಆ ವರ್ಷವೂ ಕವೆಯು ಮುರಿಯಿತು. ಒಂದು ಸಲವೂ ಪಂದ್ಯವನ್ನು ಗೆಲ್ಲಲಿಲ್ಲ. ಆದುದರಿಂದ ಭಾವಂದಿರ ಅಂಕಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಅಳಿಯನ ಪಟ್ಟಿಯಲ್ಲಿಯೂ ಇಲ್ಲ.

ಗಾಳಿಯ ಮಾತನ್ನೂ ಹೇಳಬೇಕು. ಆಷಾಢದಲ್ಲಿ ಪಡುವಣ ಗಾಳಿಯು ಎದುರಾಗಿರುವಾಗ ನಮ್ಮ ಬಯಲಿನಲ್ಲಿ ಸೈಕಲ್ಲು ತುಳಿದವನಿಗೆ ಇದು ಬೇರೆ ಹೇಳಬೇಕಾಗಿಲ್ಲ. ಈಗ ಕುಷ್ಟಗಿ, ಯಲಬುರ್ಗಿಗಳ ದಿಬ್ಬಗಳ ಮೇಲೆ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ದೊಡ್ಡ ರೆಕ್ಕೆಯ ಕಂಬಗಳು ಸುಮ್ಮನೆ ಎದ್ದಿಲ್ಲ. ಒಬ್ಬನ ಬೆನ್ನ ಮರೆಯಲ್ಲಿ ತುಳಿಯುವವನಿಗೆ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿಯುವದೆಂದು ಬಲ್ಲವರು ಲೆಕ್ಕ ಹಾಕಿರುವರು. ಆದುದರಿಂದಲೇ ಒಬ್ಬ ನಾಯಕನ ಹಳದಿ ಅಂಗಿಯ ಹಿಂದೆ ಅವನಿಗೆ ಗಾಳಿಯನ್ನು ತಡೆಯುತ್ತ, ನೀರಿನ ಬಾಟಲಿ ತಂದುಕೊಡುತ್ತ ಸಾಗುವ ಏಳು ಜನ ಸಂಗಡಿಗರು ಇರುವರು. ಗೆಲವು ಒಬ್ಬನ ಹೆಸರಿಗೆ ಬರೆಯಲ್ಪಡುವದು. ಒಕ್ಕಲುತನದಲ್ಲಿಯೂ ಹಾಗೆಯೇ ಅಲ್ಲವೇ? ಉತಾರದಲ್ಲಿ ಒಬ್ಬನ ಹೆಸರು, ಹೊಲದಲ್ಲಿ ಎಂಟು ಜನರ ಬೆವರು.

ಅಂಕಿಗಳಲ್ಲಿ ನನ್ನ ನಂಬಿಕೆಯು ಕುಗ್ಗಿದುದಕ್ಕೆ ಇನ್ನೊಂದು ಕಾರಣವಿರುವದು. ಅಳಿಯನು ಕಾಲೇಜಿನಲ್ಲಿದ್ದಾಗ ಅವನ ಕೋಣೆಯ ಗೋಡೆಯ ಮೇಲೆ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಚಿತ್ರವಿತ್ತು. ಅರ್ಬುದ ರೋಗದಿಂದ ಎದ್ದು ಬಂದು 1999ರಿಂದ 2005ರ ವರೆಗೆ ಏಳು ವರ್ಷ ಒಂದೇ ಸಮನೆ ಗೆದ್ದವನು. ಅಂಕಿಗಳ ವಾದದಲ್ಲಿ ಐದು ಸಲ ಗೆದ್ದ ಮೆರ್ಕ್ಸನು ಏಳು ಸಲ ಗೆದ್ದವನ ಮುಂದೆ ಮಂಕಾದನು. ಭಾವಂದಿರು ಆ ವರ್ಷಗಳಲ್ಲಿ ಮಾತನ್ನೇ ಆಡುತ್ತಿರಲಿಲ್ಲ. 2012ರಲ್ಲಿ ಆ ಗೆಲವುಗಳೆಲ್ಲ ನಿಷಿದ್ಧ ಔಷಧಗಳಿಂದ ಬಂದುವೆಂಬದು ಬಯಲಿಗೆ ಬಂದು, ಏಳನ್ನೂ ಕಿತ್ತುಕೊಂಡರು. ಅವನ್ನು ಬೇರೆ ಯಾರಿಗೂ ಕೊಡಲೂ ಇಲ್ಲ. ಇಂದಿಗೂ ವಿಜಯಿಗಳ ಪಟ್ಟಿಯಲ್ಲಿ ಆ ಏಳು ವರ್ಷಗಳ ಎದುರಿಗೆ ಜಾಗವು ಖಾಲಿಯಿರುವದು. ಅಂದು ಅಳಿಯನು ಚಿತ್ರವನ್ನು ಗೋಡೆಯಿಂದ ತೆಗೆದನು. ಹರಿಯಲಿಲ್ಲ, ಮಡಿಚಿ ಟ್ರಂಕಿನ ತಳದಲ್ಲಿಟ್ಟನು. ಗೋಡೆಯ ಮೇಲೆ ಸುಣ್ಣವು ಬೆಳ್ಳಗೆ ಉಳಿದ ಆ ಚೌಕವನ್ನು ನಾನು ಬಹಳ ದಿನ ನೋಡಿದ್ದೇನೆ. ಭಾವಂದಿರು ಗೆದ್ದೆನೆಂದು ನಗಲಿಲ್ಲವೆಂಬದನ್ನೂ ಇಲ್ಲಿ ಹೇಳಬೇಕು. ಮೋಸವು ಈ ಪಂದ್ಯಕ್ಕೆ ಹೊಸದಲ್ಲ. ಮೊದಲನೆಯ ವಿಜಯಿಯಾದ ಗಾರೆಂನನ್ನೇ ಎರಡನೆಯ ವರ್ಷ, 1904ರಲ್ಲಿ, ಗೆದ್ದ ಮೇಲೆ ಅನರ್ಹನೆಂದು ಸಾರಿದರು. ಮೊದಲ ನಾಲ್ವರಿಗೂ ಅದೇ ಗತಿಯಾಯಿತು. 1967ರಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ನನು ವಾಂತೂ ಬೆಟ್ಟದ ಬಿಸಿಲಿನಲ್ಲಿ ಬಿದ್ದು ಸತ್ತಾಗ ಅವನ ರಕ್ತದಲ್ಲಿ ಉತ್ತೇಜಕ ಔಷಧವಿತ್ತು. ಭಕ್ತಿಯು ಎಷ್ಟು ದೊಡ್ಡದಾದರೂ ಕಣ್ಣನ್ನು ಮುಚ್ಚಿಕೊಳ್ಳಬಾರದೆಂದು ನಾನು ಅಳಿಯನಿಗೆ ಆಗಲೂ ಹೇಳಿದೆನು, ಈಗಲೂ ಹೇಳುತ್ತಿರುವೆನು. ಅವನಿಗೆ ಅದು ರುಚಿಸದು.

“ಹಂಗಾರ ನಿಮ್ಮಂವ ಯಾರು, ಮಾವ?” ಎಂದು ಅವನು ಒಂದು ಸಂಜೆ ನನ್ನನ್ನೇ ಕಟಕಟೆಗೆ ಏರಿಸಿದನು.

ನಾನು ಇಟಲಿಯ ಜಿನೋ ಬಾರ್ತಾಲಿಯ ಹೆಸರನ್ನು ಹೇಳಿದೆನು. ಇಟಲಿಯವರು ಒಂದು ಕಾಲಕ್ಕೆ ಬಾರ್ತಾಲಿಯ ಪಕ್ಷದವರೆಂದೂ ಫೌಸ್ತೊ ಕೊಪ್ಪಿಯ ಪಕ್ಷದವರೆಂದೂ ಎರಡಾಗಿ ಒಡೆದಿದ್ದರು. (ಕೊಪ್ಪಿಯೆಂಬ ಹೆಸರು ನಮ್ಮ ಊರಿಗೆ ಹತ್ತಿರವಾದುದರಿಂದ ನಾನು ಅವನ ಕಡೆಗೆ ಇರುವೆನೆಂದು ಎಲ್ಲರೂ ಎಣಿಸಿದ್ದರು.) ಕೊಪ್ಪಿಯು ಕಟುಕನ ಅಂಗಡಿಯ ಹುಡುಗನಾಗಿ ಸೈಕಲ್ಲಿನ ಮೇಲೆ ಸಾಮಾನು ಮುಟ್ಟಿಸುತ್ತಿದ್ದವನು. 1949ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಪಂದ್ಯಗಳೆರಡನ್ನೂ ಒಂದೇ ವರ್ಷ ಗೆದ್ದ ಮೊದಲನೆಯವನು. 1952ರಲ್ಲಿ ಅದನ್ನೇ ಮತ್ತೆ ಮಾಡಿದನು. ತುಳಿತದ ಅಂದವನ್ನು ನೋಡಿದರೆ ಅವನೇ ಮೇಲೆಂದು ಬಲ್ಲವರು ಹೇಳುವರು, ನಾನೂ ಅಲ್ಲವೆನ್ನಲಾರೆನು. 1952ರಲ್ಲಿ ಬೆಟ್ಟದ ದಾರಿಯಲ್ಲಿ ಒಬ್ಬನು ಇನ್ನೊಬ್ಬನಿಗೆ ನೀರಿನ ಬಾಟಲಿ ಕೊಡುತ್ತಿರುವ ಚಿತ್ರವೊಂದಿರುವದು. ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಎಂದು ಇಟಲಿಯವರು ಎಷ್ಟೋ ವರ್ಷ ಜಗಳಾಡಿದರು. ಆ ಜಗಳದ ಮುಂದೆ ನಮ್ಮ ಮನೆಯದು ಏನೂ ಅಲ್ಲ.

ಬಾರ್ತಾಲಿಯು 1938ರಲ್ಲಿ ಫ್ರಾನ್ಸಿನ ಪಂದ್ಯವನ್ನು ಗೆದ್ದನು. ಎರಡನೆಯ ಸಲ ಗೆದ್ದದ್ದು 1948ರಲ್ಲಿ. ನಡುವಿನ ಹತ್ತು ವರ್ಷ, ಮೈಯಲ್ಲಿ ಕಸುವು ಉಕ್ಕುವ ವಯಸ್ಸು, ಮಹಾಯುದ್ಧದ ಪಾಲಾಯಿತು. ಅಂಕಿಗಳ ವಾದಿಗಳು ಇದಕ್ಕೆ ಏನು ಲೆಕ್ಕ ಹಿಡಿಯುವರು? ಆ ಯುದ್ಧಕಾಲದಲ್ಲಿ ಅವನು ಅಭ್ಯಾಸ ಮಾಡುವ ನೆವದಿಂದ ಫ್ಲಾರೆನ್ಸಿನಿಂದ ಅಸ್ಸಿಸಿಯ ವರೆಗೆ ಸೈಕಲ್ಲು ತುಳಿಯುತ್ತಿದ್ದನು. ಯೆಹೂದ್ಯರನ್ನು ಉಳಿಸುವದಕ್ಕಾಗಿ ಮಾಡಿದ ಸುಳ್ಳು ಗುರುತಿನ ಕಾಗದಗಳು ಸೈಕಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಅಡಗಿರುತ್ತಿದ್ದುವು. ಸಿಪಾಯಿಗಳು ತಡೆದರೆ, ಗಾಲಿಗಳೂ ನಳಿಗೆಗಳೂ ವೇಗಕ್ಕಾಗಿ ಬಹು ನಾಜೂಕಾಗಿ ಕೂಡಿಸಿದವು, ಮುಟ್ಟಬೇಡಿರೆಂದು ಹೇಳುತ್ತಿದ್ದನಂತೆ. ಬದುಕಿರುವ ವರೆಗೆ ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಲೊಲ್ಲದೆ 2000ದಲ್ಲಿ ತೀರಿಕೊಂಡನು. 2013ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆಯು ಅವನ ಹೆಸರನ್ನು ಪುಣ್ಯವಂತರ ಪಟ್ಟಿಯಲ್ಲಿ ಸೇರಿಸಿತು.

ಅವನ ಎರಡನೆಯ ಗೆಲವು 1948ರ ಜುಲೈಯಲ್ಲಿ. ಆಗ ನಮ್ಮ ಕೊಪ್ಪಳ ಸೀಮೆಯು ನಿಜಾಮನ ಆಳಿಕೆಯಲ್ಲಿತ್ತು. ರಜಾಕಾರರ ಹಾವಳಿಯಿಂದ ಹಳ್ಳಿಗಳು ಹಗಲೇ ಬಾಗಿಲು ಮುಚ್ಚುತ್ತಿದ್ದುವು. ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದುವು. ನಮ್ಮ ಮನೆಯ ಹಿರಿಯರೊಬ್ಬರು ಆ ದಿನಗಳಲ್ಲಿ ಸೀಟಿನ ಕೆಳಗೆ ಚೀಟಿಗಳನ್ನು ಬಚ್ಚಿಟ್ಟುಕೊಂಡು ರಾತ್ರಿ ಕಾಲುದಾರಿಯಲ್ಲಿ ಸೈಕಲ್ಲು ತುಳಿಯುತ್ತಿದ್ದರೆಂದು ನನ್ನ ಅಜ್ಜಿಯು ಹೇಳುತ್ತಿದ್ದಳು. ಅವರ ವೇಗವನ್ನು ಯಾರೂ ಅಳೆಯಲಿಲ್ಲ. ಬಾರ್ತಾಲಿಯ ಕಡೆಗೆ ನನ್ನ ಮನಸ್ಸು ವಾಲಿದುದಕ್ಕೆ ಇದು ಕಾರಣವಿರಬಹುದು. ನ್ಯಾಯಾಧೀಶನಿಗೆ ಇದು ಒಪ್ಪುವ ಕಾರಣವಲ್ಲವೆಂದು ಭಾವಂದಿರು ಒಡನೆಯೇ ಆಕ್ಷೇಪಿಸಿದರು. “ಒಳ್ಳೇ ಮನಿಷ್ಯಾ ಯಾರಂತ ಅಲ್ಲ ನಾವು ಕೇಳಿದ್ದು. ದೊಡ್ಡ ಸವಾರ ಯಾರು ಅಂತ.” ಮಾತು ಸರಿಯಾಗಿಯೇ ಇತ್ತು. ಆದರೂ ನಾನು ತೀರ್ಪನ್ನು ತಿದ್ದಲಿಲ್ಲ.

ಫ್ರೆಂಚರೇ ಈ ವಾದದಲ್ಲಿ ನಮಗಿಂತ ವಿಚಿತ್ರರು. ಐದು ಸಲ ಗೆದ್ದ ತಮ್ಮವನೇ ಆದ ಜಾಕ್ ಆಂಕ್ತಿಲನನ್ನು ಅವರು ಗೌರವಿಸಿದರು. ಪ್ರೀತಿಸಿದ್ದು ಮಾತ್ರ ರೇಮೊಂ ಪೂಲಿದೋರನನ್ನು. ಆತನು ಮೂರು ಸಲ ಎರಡನೆಯವನೂ ಐದು ಸಲ ಮೂರನೆಯವನೂ ಆದನು. ಹಳದಿಯ ಅಂಗಿಯನ್ನು ಒಂದು ದಿನದ ಮಟ್ಟಿಗಾದರೂ ತೊಡಲಿಲ್ಲ. 1964ರಲ್ಲಿ ಪ್ಯೂಯಿ ದ ದೋಮ್ ಎಂಬ ಬೆಟ್ಟದ ಮೇಲೆ ಇವರಿಬ್ಬರೂ ಮೊಣಕೈಗೆ ಮೊಣಕೈ ತಾಗಿಸಿ ಏರಿದರು. ಕೊನೆಗೆ 55 ಸೆಕೆಂಡುಗಳಿಂದ ಆಂಕ್ತಿಲನು ಪಂದ್ಯವನ್ನು ಗೆದ್ದನು. ಪೂಲಿದೋರನು 2019ರಲ್ಲಿ ತೀರಿಕೊಂಡ ಮೇಲೆ, 2021ರಲ್ಲಿ, ಅವನ ಮಗಳ ಮಗನು ಆ ಅಂಗಿಯನ್ನು ತೊಟ್ಟನು.

ಇಷ್ಟು ದೂರದ ಮಾತುಗಳನ್ನು ಹೇಳುವಾಗ ನಮ್ಮಲ್ಲಿಯ ಒಬ್ಬ ಸವಾರನನ್ನು ಮರೆಯಲಾರೆನು. ನಾನು ಚಿಕ್ಕವನಿದ್ದಾಗ ಹಳ್ಳಿಗಳಿಗೆ ಹಗಲಿರುಳು ಸೈಕಲ್ಲು ತುಳಿಯುವವರು ಬರುತ್ತಿದ್ದರು. ಅಗಸಿಯ ಬಯಲಿನಲ್ಲಿ ನಾಲ್ಕು ಗೂಟ ನೆಟ್ಟು, ಹಗ್ಗ ಕಟ್ಟಿ, ಕಂಬಕ್ಕೆ ಕರ್ಣೆಯನ್ನು ಬಿಗಿದು, ಏಳು ದಿನ ಸೈಕಲ್ಲಿನಿಂದ ಇಳಿಯುವದಿಲ್ಲವೆಂದು ಸಾರುತ್ತಿದ್ದರು. ಊಟ, ಸ್ನಾನ, ಹಲ್ಲುಜ್ಜುವದು, ಎಲ್ಲವೂ ಸೈಕಲ್ಲಿನ ಮೇಲೆಯೇ. ಹಿಂಬದಿಯ ಗಾಲಿಯೊಂದರ ಮೇಲೆ ನಿಲ್ಲುವದು, ಸಾಗುತ್ತಲೇ ನೆಲದ ಮೇಲಿನ ನೋಟನ್ನು ಬಾಯಿಯಿಂದ ಎತ್ತುವದು, ಎದೆಯ ಮೇಲೆ ಟ್ಯೂಬಲೈಟು ಒಡೆದುಕೊಳ್ಳುವದು. ಜನರು ಅಂಗಿಗೆ ರೂಪಾಯಿಯ ನೋಟುಗಳನ್ನು ಪಿನ್ನಿನಿಂದ ಚುಚ್ಚುತ್ತಿದ್ದರು. ಸಂಜೆಯಾದರೆ ಹಾಡು ಹಾಕಿದ ಕರ್ಣೆಯ ಕೆಳಗೆ ನಮ್ಮೂರ ಹಿರಿಯರು ಕುಳಿತು ವಾದಿಸುತ್ತಿದ್ದರು: ಹೋದ ವರ್ಷ ಬಂದವನು ಐದೇ ದಿನ ತುಳಿದನು, ಆದರೆ ಮಳೆಯಲ್ಲಿ ತುಳಿದನು, ಇವನದು ಏಳು ದಿನ, ಆದರೆ ನಡುರಾತ್ರಿಯಲ್ಲಿ ಇಳಿಯುವನೆಂದು ಕಾಣುವದು. ಇದನ್ನು ಪರೀಕ್ಷಿಸಲು ಇಬ್ಬರು ಗಟ್ಟಿಗರು ಕಂಬಳಿ ಹೊದ್ದು ರಾತ್ರಿಯೆಲ್ಲ ಕಾದರು. ನಾನೂ ಅವರಲ್ಲೊಬ್ಬರ ಕಂಬಳಿಯ ಅಂಚಿನಲ್ಲಿ ಕುಳಿತಿದ್ದೆನು. ಮೂರನೆಯ ಜಾವದಲ್ಲಿ ಕಂದೀಲಿನ ಬೆಳಕಿನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ಸುತ್ತುತ್ತಿದ್ದನು. ಕಾಲುಗಳು ಮಾತ್ರ ಆಡುತ್ತಿದ್ದುವು. ಇಳಿಯಲಿಲ್ಲ. ಏಳನೆಯ ದಿನ ಅವನನ್ನು ಇಳಿಸಿ ಹೂಮಾಲೆ ಹಾಕಿ ಮೆರವಣಿಗೆ ಮಾಡಿದರು. ನೆಟ್ಟಗೆ ನಿಲ್ಲಲಾರದೆ ಇಬ್ಬರ ಹೆಗಲ ಮೇಲೆ ಒರಗಿದ್ದನು. ಮರುದಿನ ಬೆಳಿಗ್ಗೆ ಕರ್ಣೆ, ಗೂಟಗಳನ್ನು ಬಂಡಿಯಲ್ಲಿಟ್ಟುಕೊಂಡು ಮುಂದಿನ ಊರಿಗೆ ಹೊರಟನು. ಅವನ ಹೆಸರನ್ನು ಕರ್ಣೆಯಲ್ಲಿ ನೂರು ಸಲ ಕೂಗಿದ್ದರು. ನನಗೆ ಈಗ ನೆನಪಿಲ್ಲ.

ಹೋದ ಜುಲೈಯ ವಾದದಲ್ಲಿ ಒಂದು ಹೊಸ ಧ್ವನಿಯು ಸೇರಿತು. ನನ್ನ ತಮ್ಮನ ಮಗಳು, ಎಂಟನೆಯ ಇಯತ್ತೆ ಮುಗಿಸಿದವಳು, ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದವಳು, “ದೊಡ್ಡಪ್ಪಾ, ಇದರಾಗ ಹೆಣ್ಮಕ್ಕಳು ಒಬ್ಬರೂ ಇಲ್ಲೇನು?” ಎಂದು ಕೇಳಿದಳು. ಮೂವರು ವಾದಿಗಳೂ ಸುಮ್ಮನಾದರು. ನಾನು ಓದಿ ತಿಳಿದಿದ್ದಷ್ಟನ್ನು ಹೇಳಿದೆನು. ಇಟಲಿಯಲ್ಲಿ ಕೂಲಿಕಾರರ ಮಗಳಾದ ಆಲ್ಫೊನ್ಸಿನಾ ಸ್ತ್ರಾದಾ ಎಂಬವಳು 1924ರಲ್ಲಿ ಗಂಡಸರ ಮಹಾಪಂದ್ಯದಲ್ಲಿಯೇ ಓಡಿದಳು. ಪ್ರಸಿದ್ಧರಾದ ಸವಾರರು ಹಣದ ಜಗಳದಿಂದ ಆ ವರ್ಷ ಬಾರದೆ ಹೋದುದರಿಂದ ಅವಳಿಗೆ ಎಡೆ ಸಿಕ್ಕಿತು. ಗಾಳಿ ಮಳೆಗಳ ಒಂದು ದಿನ ಹೊತ್ತು ಮೀರಿ ಬಂದುದರಿಂದ ಲೆಕ್ಕದಿಂದ ಹೊರಗೆ ಹಾಕಿದರು. ಆದರೂ ಅವಳು ನಿಲ್ಲದೆ 3,600 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಮುಗಿಸಿ ಮಿಲಾನಿಗೆ ಬಂದಳು. ಹೊರಟ 90 ಗಂಡಸರಲ್ಲಿ ಮಿಲಾನ್ ಮುಟ್ಟಿದವರು 30 ಜನ. ಮುಂದಿನ ವರ್ಷ ಅವಳನ್ನು ಸೇರಿಸಿಕೊಳ್ಳಲಿಲ್ಲ. ಫ್ರಾನ್ಸಿನಲ್ಲಿ ಹೆಂಗಸರ ಪಂದ್ಯವು 1984ರಿಂದ ಕೆಲವು ವರ್ಷ ನಡೆದು ನಿಂತುಹೋಗಿ, 2022ರಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಏಳು ದಿನಗಳ ಓಟದ ಕೊನೆಗೆ ಪೋಲೆಂಡಿನ ಕಾಶಾ ನೆವ್ಯಾದೋಮಾ ಎಂಬವಳು ಹಾಲೆಂಡಿನ ಡೆಮಿ ವೊಲ್ಲರಿಂಗಳನ್ನು ಸೋಲಿಸಿದ ಅಂತರವು ನಾಲ್ಕೇ ಸೆಕೆಂಡು.

“ನಾಕ ಸೆಕೆಂಡು!” ಎಂದು ಹುಡುಗಿಯು ತನ್ನಷ್ಟಕ್ಕೆ ತಾನೇ ಎಂದುಕೊಂಡಳು.

ಅದಕ್ಕೆ ಕಾರಣವಿತ್ತು. ಕ್ರೀಡಾ ವಸತಿಶಾಲೆಗೆ ಮಕ್ಕಳನ್ನು ಆಯ್ದುಕೊಳ್ಳುವ ಒಂದು ಸ್ಪರ್ಧೆಯಲ್ಲಿ ಅವಳು ನಾಲ್ಕನೆಯವಳಾಗಿ ಬಂದಿದ್ದಳು; ಅವಳಿಗೂ ಕರೆ ಬಂದಿತ್ತು. 2006-07ರಲ್ಲಿ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಹಂಚಲು ತೊಡಗಿದ್ದ ಸೈಕಲ್ಲುಗಳಲ್ಲೊಂದು, ಅವಳ ಅಕ್ಕನಿಗೆ ಬಂದಿದ್ದುದು, ಅದೇ ಅವಳ ಅಭ್ಯಾಸದ ವಾಹನವು. ವಿಜಯಪುರ, ಬಾಗಲಕೋಟೆಗಳ ಕಡೆಯ ಹಳ್ಳಿ, ತಾಂಡೆಗಳ ಮಕ್ಕಳು ರಾಷ್ಟ್ರೀಯ ಸೈಕಲ್ ಸ್ಪರ್ಧೆಗಳಲ್ಲಿ ಪದಕಗಳನ್ನು ತಂದಿರುವದು ನಮಗೆಲ್ಲ ಗೊತ್ತಿದ್ದುದೇ. ಆದರೆ ಮನೆಯ ಹುಡುಗಿಯನ್ನು ಹದಿನಾಲ್ಕನೆಯ ವಯಸ್ಸಿಗೆ ದೂರದ ಊರಿಗೆ ಕಳಿಸುವ ಪ್ರಸಂಗವು ಬಂದಾಗ, ಫ್ರಾನ್ಸಿನ ಬೆಟ್ಟಗಳನ್ನೆಲ್ಲ ಬಲ್ಲ ಪಂಡಿತರು ಒಬ್ಬರ ಮುಖವನ್ನೊಬ್ಬರು ನೋಡಿದರು. ನನ್ನ ತಮ್ಮನು, “ನಾಕನೇದಾಕಿ ಅಂದ್ರ ಮುಂದ ಮೂರ ಮಂದಿ ಅದಾರ. ಓದಿಗಿ ಪೆಟ್ಟು ಬಿದ್ರ ಹ್ಯಾಂಗ?” ಎಂದನು. ಸೈಕಲ್ಲಿನ ಬೆಲೆಯನ್ನು ಕೇಳಿದಾಗ ಅವನ ದನಿಯು ಇನ್ನೂ ಇಳಿಯಿತು. ಆ ಬೆಲೆಗೆ ಒಂದು ಒಳ್ಳೆಯ ಎತ್ತು ಬರುವದು. ಅವನದು ಜಿಪುಣತನವಲ್ಲ, ಹಿಂದಿನ ಹಿಂಗಾರಿ ಕೈಕೊಟ್ಟಿತ್ತು.

ಆ ರಾತ್ರಿ ಮೆರ್ಕ್ಸ್, ಪೊಗಾಚಾರರ ಹೆಸರನ್ನು ಯಾರೂ ಎತ್ತಲಿಲ್ಲ. ಅಕ್ಕನೇ ಮಾತನ್ನು ಆರಂಭಿಸಿದಳು. ಅವಳು ಆ ವರೆಗೆ ಈ ವಾದದಲ್ಲಿ ಒಂದು ಮಾತನ್ನೂ ಆಡಿದವಳಲ್ಲ. “ಪರದೇಶದ ಗಂಡಸರ ಸಲುವಾಗಿ ಇಷ್ಟು ವರ್ಷ ನನ್ನ ಅಡಗಿಮನಿ ಭಜಿ ಕರದೈತಿ. ಈಗ ನಿಮ್ಮ ಬಾಯಿಗೇನಾತು?” ಎಂದಳು. ಭಾವಂದಿರು ಕೆಮ್ಮಿದರು. ಅಳಿಯನು ತುಸು ಹೊತ್ತು ಮೊಬಾಯಿಲನ್ನು ತಿರುವಿ, ಸುಗ್ಗಿಯ ಮೇಲೆ ಹಿಂದಿರುಗಿಸುವ ಮಾತಿನ ಮೇಲೆ ಅರ್ಧವನ್ನು ತಾನು ಕೊಡುವೆನೆಂದನು. ಭಾವಂದಿರು ಕಾಲುಪಾಲು, ನಾನು ಕಾಲುಪಾಲು ಒಪ್ಪಿದೆವು. ತಮ್ಮನು ಒಂದು ವರ್ಷ ನೋಡೋಣವೆಂದನು; ಅಂಕಗಳು ಇಳಿದರೆ ಕರೆದುಕೊಂಡು ಬರುವೆನೆಂದೂ ಸೇರಿಸಿದನು. ಹುಡುಗಿಯು ಅದಕ್ಕೆ ತಲೆಯಾಡಿಸಿದಳು.

ಸೈಕಲ್ಲು ಬಂದ ದಿನ ಹಳೆಯ ಜಗಳವು ಮತ್ತೆ ಹೊತ್ತಿಕೊಂಡಿತು. ಅರ್ಧ ಹಣ ಕೊಟ್ಟವನಾದುದರಿಂದ ನಳಿಗೆಯ ಮೇಲೆ ಪೊಗಾಚಾರನ ಚೀಟಿಯನ್ನು ಅಂಟಿಸಬೇಕೆಂದು ಅಳಿಯನು ಹಟ ಹಿಡಿದನು. ಭಾವಂದಿರು ತಮ್ಮ ಕಾಲುಪಾಲಿನ ಹಕ್ಕಿನಿಂದ ಸೀಟಿನ ಹತ್ತಿರ ಮೆರ್ಕ್ಸನ ಹೆಸರು ಇರಲೇಬೇಕೆಂದರು. ಎರಡೂ ಅಂಟಿದುವು. ಹುಡುಗಿಯು ಅದನ್ನು ತೆಗೆದುಕೊಂಡು ಕುಷ್ಟಗಿಯ ದಾರಿಯಲ್ಲಿ ಒಂದು ತಾಸು ಗಾಳಿಗೆದುರಾಗಿ ತುಳಿದು ಬಂದಳು. ಬಂದವಳೇ ಉಗುರಿನಿಂದ ಎರಡೂ ಚೀಟಿಗಳನ್ನು ಕೆರೆದು ತೆಗೆಯತೊಡಗಿದಳು. ತಂದೆ ಮಕ್ಕಳಿಬ್ಬರೂ ಏಕಕಂಠದಿಂದ ಯಾಕೆಂದು ಕೇಳಿದರು.

“ಸುಮ್ನ ಭಾರ, ಮಾವ” ಎಂದಳು.